ಮುದ್ದೇಬಿಹಾಳ ಬಸ್ಸಿನಲ್ಲಿ ಅಜ್ಜಾರು

ಹೂರಣ ರುಬ್ಬುತ್ತಿರುವಾಗ ಫೋನು ಬಂದರೆ ನಾನು ಸಾಮಾನ್ಯವಾಗಿ ಎತ್ತುವುದಿಲ್ಲ. ಎರಡೂ ಕೈಗೆ ಬೇಳೆ ಬೆಲ್ಲ ಮೆತ್ತಿಕೊಂಡಿರುತ್ತದೆ. ತೊಳೆದು, ಒರೆಸಿ, ಸೆರಗು ಸರಿ ಮಾಡಿಕೊಂಡು ಹೋಗುವಷ್ಟರಲ್ಲಿ ಆ ಕಡೆಯವರು ಬೇಸತ್ತು ಇಟ್ಟಿರುತ್ತಾರೆ. ಆದರೆ ಅವತ್ತು ಎತ್ತಲೇಬೇಕಿತ್ತು. ಕೈ ಬಿಡುವಿರಲಿಲ್ಲ, ಮೂಗಿನ ತುದಿಯಿಂದ ಒತ್ತಿದೆ. ನಗಬೇಡಿ, ನೀವೂ ಒಮ್ಮೆ ಒತ್ತಿ ನೋಡಿ, ಕೆಲಸ ಮಾಡುತ್ತದೆ.

ನಮ್ಮ ಓಣಿಯ ಆಟೋದ ಮೈಬೂಬ ಮಾತಾಡಿದ.

“ಅಕ್ಕಾರ, ನಿಮ್ಮ ಅಜ್ಜಾರು ಮುದ್ದೇಬಿಹಾಳ ಬಸ್ಸಿನ್ಯಾಗ ಕುಂತಾರ ನೋಡ್ರಿ. ಕಿಡಕಿ ಬಾಜೂಕ ಸೀಟು ಸಿಕ್ಕೈತಿ.”

“ಹೌದೇನಪಾ? ಭಾಳ ಛಲೋ ಆತು. ನಿನಗ ಪುಣ್ಯಾ ಬರ್ಲಿ.”

“ಒಬ್ಬರ ಅದಾರಲ್ರಿ?”

“ಅವರು ಎಲ್ಲೆ ಅಡ್ಡಾಡಿದ್ರೂ ಒಬ್ಬರ. ಅವರಿಗೇನಾಗತೈತಿ, ದೇವ್ರಿದ್ದಾನ” ಎಂದು ಹೇಳಿ ಮತ್ತೆ ಮೂಗಿನಿಂದಲೇ ಫೋನು ಇಟ್ಟೆ.

ದಿನಕ್ಕೆ ಸಿಕ್ಕ ಸಣ್ಣ ಸಣ್ಣ ಕೃಪೆಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ನನ್ನ ರೂಢಿ. ಅವತ್ತು ಒಂಬತ್ತು ಗಂಟೆಗೇ ನಾಲ್ಕಾಗಿದ್ದವು. ಹಾಲು ಉಕ್ಕಲಿಲ್ಲ. ನಲ್ಲಿಗೆ ನೀರು ಬಂತು. ಹೂರಣ ನುಣ್ಣಗಾಯಿತು. ಅಜ್ಜಾರಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ನಾಲ್ಕನೆಯದನ್ನು ಎಣಿಸಿದ ಬೆರಳನ್ನು ಈಗ ನೋಡಿಕೊಂಡರೂ ಮೈ ಜುಮ್ಮೆನ್ನುತ್ತದೆ. ಮೈಬೂಬ ಹೇಳಿದ ಒಂದು ಸಾಲಿನಲ್ಲಿ ನಾನು ಎರಡು ತಪ್ಪು ಮಾಡಿಕೊಂಡಿದ್ದೆ. ಅವೆರಡೂ ನನಗೆ ತಿಳಿದದ್ದು ಎರಡು ತಾಸಿನ ಮೇಲೆ.

ನಮ್ಮ ಬಾಗೇವಾಡಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಮನೆಯ ಮುದುಕನೂ ಅಜ್ಜ, ಮಠದ ಸ್ವಾಮಿಯೂ ಅಜ್ಜ. ಮರ್ಯಾದೆ ಕೊಟ್ಟರೆ ಇಬ್ಬರೂ ಅಜ್ಜಾರು. ಇನ್ನು ಮುದ್ದೇಬಿಹಾಳ ಬಸ್ಸು ಎಂದರೆ ಮುದ್ದೇಬಿಹಾಳದಿಂದ ಬರುವುದೂ ಅದೇ, ಮುದ್ದೇಬಿಹಾಳಕ್ಕೆ ಹೋಗುವುದೂ ಅದೇ. ಮಠದ ಅಜ್ಜಾರು ಅವತ್ತು ನಮ್ಮ ಮನೆಗೆ ಪ್ರಸಾದಕ್ಕೆ ಬರುವವರಿದ್ದರು, ಅದೂ ಮುದ್ದೇಬಿಹಾಳದ ಕಡೆಯಿಂದಲೇ. ನನಗೆ ಇನ್ನೊಬ್ಬ ಅಜ್ಜನ ನೆನಪು ಹೇಗೆ ಬರಬೇಕು?

ಸಂತರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಹುಚ್ಚು. ನನ್ನ ತವರು ಇಂಡಿ. ನಮ್ಮಪ್ಪನದು ಲಿಂಬೆಯ ತೋಟ. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಎಲ್ಲಿಂದಲೋ ಒಬ್ಬ ಕಾವಿಯ ಸಾಧು ತೋಟಕ್ಕೆ ಬಂದು, ಬಿದ್ದಿದ್ದ ಒಂದು ಲಿಂಬೆಹಣ್ಣನ್ನು ಎತ್ತಿಕೊಂಡು, ಕಿತ್ತಳೆ ತಿಂದಂತೆ ಸುಲಿದು ತೊಳೆ ತೊಳೆಯಾಗಿ ತಿಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನೋಡುತ್ತ ನಿಂತ ನನ್ನ ಬಾಯಿ ಹುಳಿಯಾಗಿ, ಕಣ್ಣು ಮುಚ್ಚಿ, ಕಿವಿಯ ತನಕ ಮುಖ ಕಿವುಚಿಹೋಗಿತ್ತು. ಅವರು ನಕ್ಕು, “ತಿಂದಾವ ನಾನು, ಹುಳಿ ಆಗಿದ್ದು ನಿನಗ. ಛಲೋ ಐತಿ, ಛಲೋ ಐತಿ” ಎಂದು ತಲೆ ಸವರಿ ಹೋದರು. ಲಿಂಬೆ ತಿಂದರೂ ಮುಖ ಕಿವುಚದವರು ಸಂತರು ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಮದುವೆಯಾಗಿ ಬಂದ ಮೇಲೆ ನಮ್ಮ ಮನೆಯವರಿಗೂ ಒಂದು ಲಿಂಬೆ ಕೊಟ್ಟು ಪರೀಕ್ಷೆ ಮಾಡಿದ್ದುಂಟು. ಅವರು ತೇರ್ಗಡೆಯಾಗಲಿಲ್ಲ.

ಮಠದ ಅಜ್ಜಾರನ್ನು ಕಂಡದ್ದು ಆರು ವರ್ಷದ ಹಿಂದೆ. ಮುದ್ದೇಬಿಹಾಳದ ಆಚೆ ಅವರದೊಂದು ಸಣ್ಣ ಮಠ. ಹೆಂಗಸರಿಗೆಲ್ಲ ಧ್ಯಾನ ಕಲಿಸುತ್ತಾರೆಂದು ಕೇಳಿ ನಾಲ್ಕು ಮಂದಿ ಕೂಡಿ ಹೋಗಿದ್ದೆವು. ದೊಡ್ಡ ಮಾತೇನೂ ಆಡಲಿಲ್ಲ. “ಕಣ್ಣು ಮುಚ್ಚಿ ಒಂದು ಮಾರಿ ನೆನಸ್ಕೋರಿ. ಅದರ ಮ್ಯಾಲೆ ಪ್ರೀತಿ ಇಡ್ರಿ. ಆಮ್ಯಾಲೆ ಅದರ ಬಾಜೂಕಿನ ಮಾರಿ. ಆಮ್ಯಾಲೆ ಅದರ ಬಾಜೂಕಿಂದು. ಹಿಂಗ ಹೋಗ್ರಿ. ಜಗತ್ತು ಭಾಳ ದೂರ ಇಲ್ಲ, ಬಾಜೂಕ ಐತಿ” ಎಂದರು. ಅಷ್ಟೇ.

ಇದೇನು ಮಹಾ ಎಂದುಕೊಂಡೆ. ಆರು ವರ್ಷದಿಂದ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹತ್ತು ನಿಮಿಷ ಕೂಡುತ್ತೇನೆ. ಮೊದಲು ಮೊಮ್ಮಗಳ ಮುಖ. ಅದಕ್ಕೆ ಪ್ರೀತಿ ಕೇಳಬೇಕೆ, ಸುರಿದು ಹೋಗುತ್ತದೆ. ಆಮೇಲೆ ಸಿಂದಗಿಗೆ ಕೊಟ್ಟ ಮಗಳು, ಅಳಿಯ, ನಮ್ಮ ಮನೆಯವರು, ಆಕಳು. ಆಕಳಾದ ಮೇಲೆ ಬಾಜೂಕಿನ ಮುಖ ಎಂದರೆ ಗೋಡೆಯಾಚೆಯ ಗುರುಬಾಯಿ. ಆಕೆ ತನ್ನ ಅಂಗಳದ ಕಸ ಗುಡಿಸಿ ನಮ್ಮ ಕಡೆಗೆ ನೂಕುತ್ತಾಳೆ. ಇಪ್ಪತ್ತು ವರ್ಷದಿಂದ ನೂಕುತ್ತಿದ್ದಾಳೆ. ಆಕೆಯ ಮುಖ ಕಣ್ಣ ಮುಂದೆ ಬಂದ ಕೂಡಲೇ ಕೈಯಲ್ಲಿ ಕಸಬರಿಗೆಯೂ ಬರುತ್ತದೆ, ನನ್ನ ಧ್ಯಾನ ಅಲ್ಲಿಗೆ ಮುಗಿಯುತ್ತದೆ. ಆರು ವರ್ಷದಲ್ಲಿ ನನ್ನ ವಿಶ್ವಪ್ರೇಮ ಕಂಪೌಂಡ್ ಗೋಡೆ ಹಾರಲಿಲ್ಲ.

ಇದನ್ನು ನಗುತ್ತಲೇ ಬರೆಯಬಹುದು. ನಗುತ್ತ ಬರೆಯಲಾಗದ ಇನ್ನೊಂದು ಮಾತಿದೆ. ಆ ಸಾಲಿನಲ್ಲಿ ಆಕಳಿತ್ತು, ಗೋಡೆಯಾಚೆಯ ಗುರುಬಾಯಿ ಇದ್ದಳು, ನಮ್ಮ ಪಡಸಾಲೆಯಲ್ಲೇ ಮಂಚದ ಮೇಲೆ ಕೂತಿರುತ್ತಿದ್ದ ಮಾವನವರು ಇರಲಿಲ್ಲ. ಅವರ ಮೇಲೆ ಸಿಟ್ಟೇನಿರಲಿಲ್ಲ. ನೆನಪಾಗಿರಲಿಲ್ಲ, ಅಷ್ಟೇ. ಎರಡು ವರ್ಷದಿಂದ ಅವರಿಗೆ ಮರೆವು. ಮೊದಲು ರುಮಾಲು ಸುತ್ತುವುದನ್ನು ಮರೆತರು. ಆಮೇಲೆ ಊರುಗಳ ಹೆಸರು. ಒಮ್ಮೊಮ್ಮೆ ನನ್ನನ್ನು ತಮ್ಮ ತಂಗಿ ಎಂದು ತಿಳಿದು ಮಾತಾಡುತ್ತಾರೆ. ಹೊತ್ತಿಗೆ ಸರಿಯಾಗಿ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ಕೊಡುತ್ತಿದ್ದೆ, ದೋತರ ಒಗೆಯುತ್ತಿದ್ದೆ. ಆದರೆ ಮಾತಾಡಿಸುವುದನ್ನು ಬಿಟ್ಟುಬಿಟ್ಟಿದ್ದೆ. ಹೇಳಿದ್ದು ನಿಲ್ಲುವುದಿಲ್ಲವಲ್ಲ, ಯಾಕೆ ಹೇಳಬೇಕು ಎಂದು.

ಅವತ್ತು ನಮ್ಮ ಮನೆಯವರು ನಸುಕಿನಲ್ಲೇ ಎದ್ದು ಇಂಡಿಗೆ, ನನ್ನ ಅಣ್ಣನ ಮನೆಯ ನಿಶ್ಚಯಕ್ಕೆ ಹೋಗಿದ್ದರು. ಎಂಟು ಗಂಟೆಗೆ ಮಗಳು ಸಿಂದಗಿಯಿಂದ ಫೋನು ಮಾಡಿದಾಗ ನಾನು ಪಡಸಾಲೆಯಲ್ಲಿ ನಿಂತು ದೊಡ್ಡ ದನಿಯಲ್ಲಿ ಹೇಳಿದ್ದೆ: “ಅಜ್ಜಾರು ಮುದ್ದೇಬಿಹಾಳ ಬಸ್ಸಿಗೆ ಬರ್ತಾರಂತ. ಎದುರಗೊಳ್ಳಾಕ ಯಾರರ ಹೋಗಬೇಕವ್ವಾ. ಏನ್ ಮಾಡ್ಲಿ, ಮನ್ಯಾಗ ಗಂಡಸರ ಇಲ್ಲ.”

ಮಂಚದ ಮೇಲೆ ಕೂತಿದ್ದ ಗಂಡಸಿನ ಎದುರಿಗೇ ನಿಂತು ಹಾಗೆಂದೆ.

ಹನ್ನೊಂದಕ್ಕೆ ಬಾಗಿಲಲ್ಲಿ ಮೋಟಾರ್ ಸೈಕಲ್ ನಿಂತ ಸಪ್ಪಳವಾಯಿತು. ಅಜ್ಜಾರು ಇಳಿದರು. ಭಕ್ತರೊಬ್ಬರು ಅವರನ್ನು ಇಳಿಸಿ ಹೋದರು. ನಾನು ಚರಿಗೆಯಲ್ಲಿ ಪಾದಕ್ಕೆ ನೀರು ತಂದೆ, ಹಣೆ ಮುಟ್ಟಿಸಿ ನಮಸ್ಕಾರ ಮಾಡಿದೆ. ಆರು ವರ್ಷ ಬೇಡಿಕೊಂಡ ಮೇಲೆ ಬಂದವರು. ಕಣ್ಣಲ್ಲಿ ನೀರು ಬಂತು.

“ಬಸ್ಸಿನ್ಯಾಗ ತ್ರಾಸ ಆಗಲಿಲ್ಲಲ್ರಿ ಅಜ್ಜಾರ? ಕಿಡಕಿ ಬಾಜೂಕ ಸೀಟು ಸಿಕ್ಕೈತಿ ಅಂತ ಕೇಳಿದೆ.”

“ಯಾವ ಬಸ್ಸು ತಂಗಿ? ನಿನ್ನೆ ಮನಗೂಳ್ಯಾಗ ಇಳಕೊಂಡಿದ್ದೆ. ಅಲ್ಲಿಂದ ಗಾಡಿ ಮ್ಯಾಲೆ ಬಂದೆ.”

ಚರಿಗೆ ಕೈಯಲ್ಲಿ ಹಾಗೇ ಉಳಿಯಿತು. ಹಾಗಾದರೆ ಬಸ್ಸಿನಲ್ಲಿ ಕೂತವರು ಯಾರು? ತಿರುಗಿ ಮಂಚ ನೋಡಿದೆ. ಕೌದಿ ಮಡಚಿ ಇಟ್ಟಿತ್ತು. ಹಿತ್ತಲಿಗೆ ಓಡಿದೆ. ಬಚ್ಚಲು ನೋಡಿದೆ, ದನದ ಕೊಟ್ಟಿಗೆ ನೋಡಿದೆ. “ಮಾವಾರ! ಮಾವಾರ!” ಎಂದು ಕೂಗಿದ್ದಕ್ಕೆ ಗೋಡೆಯ ಮೇಲೆ ಗುರುಬಾಯಿಯ ತಲೆ ಬಂತು.

“ಈಗ ಹುಡುಕ್ತೀ ಏನವ್ವಾ? ನಿಮ್ಮ ಮಾವ ಎಂಟೂವರೀಗೇ ಹ್ವಾದ. ತೊಳದ ದೋತರಾ ಉಟ್ಕೊಂಡು, ಹಣೀಗೆ ಇಬತ್ತಿ ಹಚ್ಕೊಂಡು. ಎಲ್ಲಿಗೋ ಮುತ್ಯಾ ಅಂತ ಕೇಳಿದ್ರ, ಮನ್ಯಾಗ ಗಂಡಸರಿಲ್ಲವಾ, ಅಜ್ಜಾರನ್ನ ಕರ್ಕೊಂಡ್ ಬರಾಕ ಹೊಂಟೇನಿ ಅಂದ.”

ಹಿತ್ತಲ ಕಟ್ಟೆಯ ಮೇಲೆ ಕೂತೆ. ಹೇಳಿದ್ದೇನೂ ನಿಲ್ಲದ ತಲೆಯಲ್ಲಿ ಆ ಒಂದು ಮಾತು ನಿಂತಿತ್ತು.

ಒಲೆಯ ಮೇಲೆ ಕಟ್ಟಿನ ಸಾರು, ತಾಟಿನಲ್ಲಿ ಹೂರಣದ ಉಂಡೆಗಳು, ಪಡಸಾಲೆಯಲ್ಲಿ ಹಸಿದು ಬಂದ ಗುರುಗಳು. ಬಿಟ್ಟು ಹೋಗುವುದು ಹೇಗೆ, ಹೋಗದೆ ಇರುವುದು ಹೇಗೆ? ನಾನು ಬಾಯಿ ಬಿಡುವ ಮೊದಲೇ ಅಜ್ಜಾರು ಬಾಗಿಲ ಕಡೆ ಕೈ ಮಾಡಿದರು.

“ನಡಿ ತಂಗಿ, ಲಗೂನ ನಡಿ. ನಾ ಇಲ್ಲೇ ಹೊಸ್ತಿಲದಾಗ ಕುಂದರ್ತೇನಿ. ಹಿರ್ಯಾರು ತಾವಾಗೇ ಹೊಳ್ಳಿ ಬಂದ್ರ ಬಾಗಲಾ ಹಾಕಿರಬಾರದು.”

“ನಿಮ್ಮ ಪ್ರಸಾದ…”

“ಪ್ರಸಾದ ಎಲ್ಲಿಗೂ ಹೋಗಾಂಗಿಲ್ಲ. ಹಿರ್ಯಾರು ಹೋಗ್ಯಾರ.”

ಮೈಬೂಬನಿಗೆ ಫೋನು ಮಾಡಿದರೆ ಎರಡು ನಿಮಿಷದಲ್ಲಿ ಆಟೋ ಬಾಗಿಲಿಗೆ ಬಂತು. ಸಂಗತಿ ಕೇಳಿ ಅವನ ಮುಖ ಕಪ್ಪಿಟ್ಟಿತು. “ಅಕ್ಕಾರ, ನಾ ಅವರನ್ನ ಬಸ್ಸಿನಿಂದ ಇಳಸ್ಬೇಕಾಗಿತ್ರಿ. ನೀವು ಛಲೋ ಆತು ಅಂದ್ರಿ…” ಎಂದು ಅರ್ಧಕ್ಕೆ ನಿಲ್ಲಿಸಿದ. ಆ ಅರ್ಧ ನನಗೆ ಸಾಕಾಗಿತ್ತು. “ಬಸ್ಸಿಗೆ ಕಾಯೋದು ಬ್ಯಾಡ, ಕುಂದರ್ರಿ. ಮುದ್ದೇಬಿಹಾಳತನ ಇದ ಗಾಡಿ ಹೊಡೀತೇನಿ.”

ನಡುವೆಯೇ ಎಲ್ಲಾದರೂ ಇಳಿದಿದ್ದರೆ ಎಂದು, ದಾರಿಯಲ್ಲಿ ಬಂದ ಒಂದೊಂದು ಹಳ್ಳಿಯ ಕಟ್ಟೆಯ ಹತ್ತಿರ ಆಟೋ ನಿಲ್ಲಿಸಿ ಕೇಳುತ್ತ ಹೋದೆವು. “ಬಿಳಿ ದೋತರಾ, ಹಣಿಗೆ ವಿಭೂತಿ, ತಲಿಗೇನೂ ಇಲ್ಲ, ಎತ್ತರದ ಆಸಾಮಿ” ಎಂದರೆ ಎಲ್ಲರೂ ಒಂದು ಕ್ಷಣ ಯೋಚಿಸಿ ತಲೆಯಾಡಿಸುತ್ತಿದ್ದರು. ಕಬ್ಬಿನ ಗದ್ದೆ ಬಂದರೆ ಒಳಗೆ ಹೊಕ್ಕಿದ್ದರೆ ಎಂಬ ಹೆದರಿಕೆ. ಒಂದು ಕಡೆ ರಸ್ತೆಯ ಪಕ್ಕದಲ್ಲೇ ಕಾಲುವೆ ತುಂಬಿ ಹರಿಯುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಮೈಬೂಬ ನೋಡಿದ, ಗಾಡಿ ನಿಧಾನ ಮಾಡಿ ದಂಡೆಯನ್ನೆಲ್ಲ ನೋಡಿದ. “ಏನೂ ಇಲ್ರಿ ಅಕ್ಕಾರ, ಕಣ್ಣು ತಗೀರಿ” ಎಂದು ಮತ್ತೆ ಜೋರು ಮಾಡಿದ.

ಆಟೋ ಹತ್ತಿದ ಕೂಡಲೇ ಸುದ್ದಿ ಮುಟ್ಟಿಸಿದ್ದೆ, ಮಗಳು ಅಳುತ್ತ ತಿರುಗಿ ಫೋನು ಮಾಡಿದಳು. ಮೊದಲೆಲ್ಲ ತೊಗರಿ ಮಾರಲು ಸಿಂದಗಿಗೆ ಹೋಗುತ್ತಿದ್ದವರು, ಹಳೆಯ ರೂಢಿಯಲ್ಲಿ ಅತ್ತ ಹೋಗಿರಬಹುದೆಂದು ಅಲ್ಲಿಯ ಬಸ್ ಸ್ಟ್ಯಾಂಡಿಗೆ ಹೋಗಿ ಹುಡುಕಿದ್ದಳು. ಅಲ್ಲಿಲ್ಲ. ನಮ್ಮ ಮನೆಯವರ ಫೋನು ಬಹಳ ಹೊತ್ತಿನ ಮೇಲೆ ಹತ್ತಿತು. ಪೂರಾ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: “ನೀ ಮನ್ಯಾಗ ಇದ್ದೆಲ್ಲಾ?”

ಇದ್ದೆ.

ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕಾಲೇಜು ಬಿಟ್ಟ ಹುಡುಗಿಯರು, ಸಂತೆಯ ಚೀಲಗಳು, ಹಾರ್ನು, ಧೂಳು. ಮೈಬೂಬ ಹೊರಗಿನ ಚಹಾದ ಅಂಗಡಿಗಳ ಕಡೆ ಓಡಿದ. ನಾನು ಬಸ್ಸುಗಳ ಹೊತ್ತು ಕೂಗುವ ಕೋಣೆಯ ಕಿಟಕಿಗೆ ಹೋಗಿ ನಿಂತೆ.

“ಸಾಹೇಬ್ರ, ನಮ್ಮ ಅಜ್ಜಾರು ತಪ್ಪಿಸ್ಕೊಂಡಾರ್ರಿ. ಮೈಕಿನ್ಯಾಗ ಕೂಗ್ರಿ.”

“ಹೆಸರು?”

ಮೂವತ್ತೊಂದು ವರ್ಷದಿಂದ ನಾನು ಮಾವನವರ ಹೆಸರನ್ನು ಬಾಯಲ್ಲಿ ತಂದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಕಾರ್ಡು ಮುಂದೆ ಹಿಡಿದು ಬೆರಳಿಟ್ಟು ತೋರಿಸಿದವಳು. ನಾಲಿಗೆ ಏಳಲಿಲ್ಲ. “ಬಾಗೇವಾಡಿ ಅಜ್ಜಾರು ಅನ್ರಿ, ಸಾಕು” ಎಂದೆ.

ಅವರು ಅನ್ನುವುದೇನು, ಗಂಟಲು ಸರಿ ಮಾಡಿಕೊಂಡು ಭಕ್ತಿಯಿಂದ ಕೂಗಿದರು: “ಬಾಗೇವಾಡಿಯ ಪೂಜ್ಯ ಅಜ್ಜಾರು ನಿಲ್ದಾಣದೊಳಗೆ ಎಲ್ಲೇ ಇದ್ದರೂ ಕಚೇರಿಯ ಹತ್ತಿರ ದಯಮಾಡಿಸಬೇಕು.”

ದಯಮಾಡಿಸಿದವರು ಭಕ್ತರು. ನಾಲ್ಕು ಹೆಂಗಸರು ಕೈಮುಗಿದುಕೊಂಡು ಓಡಿಬಂದರು. ಒಬ್ಬಾಕೆಯ ಕೈಯಲ್ಲಿ ಆಗಲೇ ತೆಂಗಿನಕಾಯಿ. “ಎಲ್ಲಿ ಅದಾರ್ರಿ ಅಜ್ಜಾರು? ನಮ್ಮ ಕೂಸಿನ ತಲೀ ಮ್ಯಾಲೆ ಒಂದೀಟು ಕೈ ಇಡಸ್ಕೊಂಡು ಹೋಗ್ತೇವಿ.”

“ಸ್ವಾಮಿ ಅಲ್ರಿ” ಎಂದೆ. “ನಮ್ಮ ಮಾವ.”

“ಅಯ್ಯ, ಮತ್ತ ಹೆಸರು ಹೇಳಬಾರದೇನವ್ವಾ!” ಎಂದು ಕಾಯಿ ಹಿಡಿದಾಕೆ ಗದರಿಸಿದಳು. ಆಕೆಯ ಮುಖ ನೋಡಿ ನನಗೆ ಬುದ್ಧಿ ಬಂತು. ಕಿಟಕಿಯ ಸರಳು ಹಿಡಿದು, “ನಿಂಗಪ್ಪ” ಎಂದೆ. “ಜೋರಾಗಿ ಹೇಳ್ರಿ.” “ನಿಂಗಪ್ಪ! ನಿಂಗಪ್ಪ ಅಂತ ಅವರ ಹೆಸರು!”

ಮೈಕಿನಲ್ಲಿ ಮೂರು ಸಲ ಆ ಹೆಸರು ಕೂಗಿತು. ಯಾರೂ ಬರಲಿಲ್ಲ. ತಮ್ಮ ಹೆಸರು ಅವರಿಗಿನ್ನೂ ನೆನಪಿದೆಯೋ ಇಲ್ಲವೋ ಎಂದು ನನಗೆ ಆಗ ಹೊಳೆಯಿತು.

ಇನ್ನು ಒಂದೊಂದೇ ಮುಖ ನೋಡುವುದು ಬಿಟ್ಟರೆ ದಾರಿಯಿರಲಿಲ್ಲ. ಮುದುಕರು ಎಷ್ಟಿರುತ್ತಾರೆ ಬಸ್ ಸ್ಟ್ಯಾಂಡಿನಲ್ಲಿ, ನೀವೆಂದಾದರೂ ನೋಡಿದ್ದೀರಾ? ನಾನು ನೋಡಿರಲಿಲ್ಲ. ಕಂಬಕ್ಕೊರಗಿ ಕೂತವರು, ಚೀಲದ ಮೇಲೆ ಕೂತವರು, ಶೇಂಗಾ ಸುಲಿಯುತ್ತ ನಿಂತವರು. ಹಿಂದಿನಿಂದ ಎಲ್ಲ ಬೆನ್ನುಗಳೂ ಮಾವನವರ ಬೆನ್ನೇ. ಓಡಿಹೋಗಿ ಮುಂದೆ ನಿಲ್ಲುವೆ, ಬೇರೆ ಮುಖ. ಆದರೆ ಎದೆ ನನಗಿಂತ ಮೊದಲೇ ಓಡಿ ಅವರನ್ನು ಮುಟ್ಟಿಬಿಟ್ಟಿರುತ್ತಿತ್ತು. ತಪ್ಪು ಮುಖ ಎಂದು ತಿಳಿದ ಮೇಲೂ ಅದನ್ನು ಹಿಂದಕ್ಕೆ ಕರೆಯಲು ಬರುತ್ತಿರಲಿಲ್ಲ. ಸಿಕ್ಕ ಕೂಡಲೇ ಕೇಳಬೇಕೆಂದು ದಾರಿಯುದ್ದಕ್ಕೂ ಒಂದು ಮಾತು ಬಾಯಲ್ಲಿ ಕಟ್ಟಿಕೊಂಡು ಬಂದಿದ್ದೆ, ಅದು ಕಂಡಕಂಡವರ ಮುಂದೆಲ್ಲ ಜಾರಿ ಬಿತ್ತು.

“ಉಂಡೀರೇನ್ರಿ?”

ಶೇಂಗಾದ ಮುದುಕ ಗಾಬರಿಯಾಗಿ, “ಉಂಡೇನವ್ವಾ, ಯಾಕ?” ಎಂದ. ಇನ್ನೊಬ್ಬ, ಕಣ್ಣಿಗೆ ಪೊರೆ ಬಂದವನು, ನನ್ನನ್ನು ಯಾರೆಂದು ತಿಳಿದನೋ, “ಇಲ್ಲ ಮಗಳ, ನೀ ಬರ್ತೀ ಅಂತ ಕಾಯಾಕತ್ತಿದ್ದೆ” ಎಂದ. ಗಡ್ಡ ಬಿಟ್ಟ ಸಾಬಣ್ಣ ಒಬ್ಬರು ಸಂಗತಿ ಕೇಳಿ, “ಇಲ್ಲ ತಾಯಿ. ನಿಮ್ಮವರು ಸಿಗೋತನ ನನಗೂ ಇಳಿಯಾಂಗಿಲ್ಲ” ಎಂದು ತಮ್ಮ ಬುತ್ತಿ ಕಟ್ಟಿಟ್ಟು, ಕೋಲೂರಿ ಆಚೆಯ ಸಾಲು ನೋಡಲು ಎದ್ದರು.

ಅದಕ್ಕೆ ಧ್ಯಾನ ಅನ್ನಬೇಕೋ ಗಾಬರಿ ಅನ್ನಬೇಕೋ ನನಗೆ ತಿಳಿಯದು. ಆ ಬಿಸಿಲಲ್ಲಿ ಎಷ್ಟೋ ಹೊತ್ತು ನನಗೆ ಬೇರೆಯವರು ಎನ್ನುವವರು ಯಾರೂ ಇರಲಿಲ್ಲ. ಎಲ್ಲರೂ ಕಳೆದು ಹೋಗಿದ್ದಾರೆ, ಎಲ್ಲರ ಮನೆಯಲ್ಲೂ ಬಾಗಿಲು ತೆರೆದಿಟ್ಟು ಕಾಯುತ್ತಿದ್ದಾರೆ ಎನ್ನಿಸಿತು. ಪ್ರತಿಯೊಬ್ಬ ಮುದುಕನ ಹತ್ತಿರವೂ ನಾನು ಬೇಡಿಕೊಂಡೆ, ನೀವೇ ಅವರಾಗಿರ್ರಿ ಎಂದು. ಕಣ್ಣು ಮುಚ್ಚಿ ಆರು ವರ್ಷ ಕೂತರೂ ಬಾರದ್ದು, ಕಣ್ಣು ತೆರೆದು ಹುಡುಕುವಾಗ ಬಂದು, ನನ್ನನ್ನು ಅಲ್ಲೇ ಕರಗಿಸಿಬಿಡುವ ಹಾಗೆ ಮಾಡಿತ್ತು. ಸಂತೋಷ ಅಲ್ಲ ಅದು.

ಆಗ ಹಿಂದಿನಿಂದ ಕಾಲೇಜು ಹುಡುಗಿಯರ ನಗು ಕೇಳಿಸಿತು.

“ಏ, ಅಲ್ಲಿ ನೋಡ, ಒಬ್ಬ ಮುತ್ಯಾ ಬಸ್ಸಿನಿಂದ ಇಳದವರ ಕಾಲಿಗೆಲ್ಲಾ ಬೀಳಾಕತ್ತಾನ!”

ಬಸ್ಸುಗಳು ಬಂದು ನಿಲ್ಲುವ ಕೊನೆಯ ಮೂಲೆಗೆ ಓಡಿದೆ. ಬಾಗೇವಾಡಿಯಿಂದ ಬಂದ ಬಸ್ಸೊಂದು ಆಗಷ್ಟೇ ನಿಂತಿತ್ತು. ಬಾಗಿಲ ಕೆಳಗೆ ಮಾವನವರು. ಒಂದು ಕಾಲಲ್ಲಿ ಚಪ್ಪಲಿ ಇಲ್ಲ, ಬೆರಳು ಒಡೆದು ರಕ್ತ ಒಣಗಿದೆ. ಹಣೆಯ ವಿಭೂತಿ ಬೆವರಿಗೆ ಇಳಿದು ಹುಬ್ಬಿಗೆ ಬಂದಿದೆ. ಇಳಿಯುವ ಒಬ್ಬೊಬ್ಬರಿಗೂ ಕೈಮುಗಿದು ಬಾಗಿ, “ಬಂದ್ರ್ಯಾ ಅಜ್ಜಾರ? ನಡೀರಿ ಮನಿಗೆ” ಎನ್ನುತ್ತಿದ್ದರು.

ಅವರಿಗೆ ಅಜ್ಜಾರ ಮುಖ ಗೊತ್ತಿರಲಿಲ್ಲ. ಎದುರುಗೊಳ್ಳಲು ಬಂದ ಮೇಲೆ ತಪ್ಪಬಾರದಲ್ಲ. ಅದಕ್ಕೆ ಯಾರನ್ನೂ ಬಿಡದೆ ಎಲ್ಲರಿಗೂ ಬಾಗುತ್ತಿದ್ದರು. ಕಂಡಕ್ಟರನಿಗೆ ಬಾಗಿದರು. ಕುರಿಯ ಮರಿ ಎತ್ತಿಕೊಂಡು ಇಳಿದವನಿಗೆ ಬಾಗಿದರು. ಒಬ್ಬಾಕೆಯ ಕಂಕುಳಲ್ಲಿದ್ದ ಕೂಸಿನ ಪಾದವನ್ನೂ ಹಣೆಗೊತ್ತಿಕೊಂಡರು. ಕೆಲವರು ನಕ್ಕು ಹೋದರು, ಕೆಲವರು ನಾಚಿ ಹಿಂದೆ ಸರಿದರು. “ನಾ ಅಲ್ಲೋ ಯಜ್ಜಾ, ನಾ ಗೊಬ್ಬರದ ಅಂಗಡ್ಯಾವ” ಎಂದು ಒಬ್ಬ ದೊಡ್ಡ ದೇಹದವನು ಅವರ ಭುಜ ಹಿಡಿದು ಎತ್ತಿದ. ಎತ್ತಿದವನ ಕಣ್ಣೂ ಒದ್ದೆಯಾಗಿತ್ತು. ಎಷ್ಟು ಬಸ್ಸುಗಳಿಂದ ಹೀಗೆ ನಿಂತಿದ್ದರೋ.

“ಮಾವಾರ!”

ತಿರುಗಿದರು. ನನ್ನನ್ನು ನೋಡಿದರು. ಗುರುತು ಹತ್ತಲಿಲ್ಲ. ಮುಖ ಅರಳಿತು, ಆದರೆ ಸೊಸೆಗೆ ಅರಳಿದ ಮುಖವಲ್ಲ ಅದು. ನಾನು ತಡೆಯುವಷ್ಟರಲ್ಲಿ ಬಾಗಿ ನನ್ನ ಕಾಲು ಮುಟ್ಟಿಬಿಟ್ಟರು.

“ಬಂದ್ರ್ಯಾ ಅಜ್ಜಾರ? ಭಾಳ ಕಾಯಿಸಿದ್ರಿ. ನಡೀರಿ, ನಮ್ಮ ಸೊಸಿ ಮುಂಜಾನಿಂದ ಹೋಳಿಗಿ ಮಾಡಾಕತ್ತಾಳ. ಆಕಿಗೆ ನಿಮ್ಮ ಮ್ಯಾಲೆ ಭಾಳ ಜೀವ.”

ಮಾವ ಸೊಸೆಯ ಕಾಲು ಮುಟ್ಟುವುದೆಂದರೇನು! ಭೂಮಿ ಬಾಯಿ ಬಿಡಲಿ ಎನ್ನಿಸಿತು. ನಾನಲ್ಲ ಎಂದು ಹೇಳಲು ಬಾಯಿ ತೆರೆದೆ. ನಾನಲ್ಲ ಎಂದರೆ ಅವರು ಇನ್ನೊಂದು ಬಸ್ಸಿಗೆ ಕಾಯುತ್ತಾರೆ, ಬರುವುದಿಲ್ಲ ಎಂದು ಹೊಳೆಯಿತು.

“ಹೂನ್ರಿ” ಎಂದೆ. “ಬಂದೇನಿ. ನಡೀರಿ ಮನಿಗೆ.”

ಹೀಗೆ ಆ ಮಧ್ಯಾಹ್ನ ಮುದ್ದೇಬಿಹಾಳದಿಂದ ಬಾಗೇವಾಡಿಯ ತನಕ ನಾನು ಅಜ್ಜಾರಾಗಿದ್ದೆ. ಸಾಬಣ್ಣನವರು ಗುಟುಕು ನೀರು ಕುಡಿಸಿ, ಮಾವನವರ ಕೈಯಲ್ಲಿ ತಮ್ಮ ಬುತ್ತಿಯಿಂದ ಒಂದು ರೊಟ್ಟಿ ಇಟ್ಟು, ತಾವೂ ಉಣ್ಣಲು ಕೂತರು. ಮಾವನವರು ಆಟೋದಲ್ಲಿ ನನ್ನ ಪಕ್ಕ ಕೂಡಲಿಲ್ಲ. “ಅಜ್ಜಾರ ಬಾಜೂಕ ನಾ ಕುಂದ್ರೂದ? ತಪ್ಪಾಕ್ಕೈತಿ” ಎಂದು ಮೈಬೂಬನ ಮಗ್ಗುಲಲ್ಲಿ ಅರ್ಧ ಸೀಟಿನ ಮೇಲೆ ಒತ್ತಿಕೊಂಡು ಕೂತು, ಆ ರೊಟ್ಟಿಯ ಮೊದಲ ತುಂಡು ಮುರಿದು ಹಿಂದಕ್ಕೆ ನನಗೆ ಚಾಚಿದರು. ಮೈಬೂಬ ಒಂದು ಕೈಯಲ್ಲಿ ಹ್ಯಾಂಡಲ್ಲು, ಒಂದು ಕೈಯಲ್ಲಿ ಅವರ ತೋಳು ಹಿಡಿದು ನಿಧಾನವಾಗಿ ಹೊಡೆದ. ಕನ್ನಡಿಯಲ್ಲಿ ಅವನ ಕಣ್ಣು ಕಂಡಿತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಮನೆ ಮುಟ್ಟಿದಾಗ ಅಜ್ಜಾರು ಹೇಳಿದ ಹಾಗೇ ಹೊಸ್ತಿಲಲ್ಲಿ ಕೂತಿದ್ದರು. ಮಾವನವರು ಆಟೋದಿಂದ ಇಳಿದು ನನ್ನತ್ತ ಕೈ ತೋರಿಸಿ, “ಏಳ್ರಿ ಏಳ್ರಿ, ಅಜ್ಜಾರು ಬಂದ್ರು” ಎಂದು ಅವರನ್ನೇ ಎಬ್ಬಿಸಿ ದಾರಿ ಬಿಡಿಸಿದರು. ಅಜ್ಜಾರು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದರು. ಎದ್ದು ಪಕ್ಕಕ್ಕೆ ಸರಿದು ನನಗೆ ಕೈಮುಗಿದರು. “ಶರಣ್ರಿ ಅಜ್ಜಾರ” ಎಂದರು. ತುಟಿಯ ಮೂಲೆಯಲ್ಲಿ ನಗು ಇತ್ತು, ಕಣ್ಣಲ್ಲಿ ಇರಲಿಲ್ಲ.

ಒಳಗೆ ಹೋದರೆ ಹೋಳಿಗೆ ಬೆಂದು ಬುಟ್ಟಿಯಲ್ಲಿದ್ದವು. ಗುರುಬಾಯಿ ಒಲೆಯ ಮುಂದೆ. “ನಿಮ್ಮ ಅಜ್ಜಾರು ಗೋಡಿ ಮ್ಯಾಲಿಂದ ಕರದ್ರು. ಹೂರಣ ಹಳಸ್ತೈತಿ ಬಾ ತಂಗಿ ಅಂದ್ರು. ಮುತ್ಯಾ ಆರಾಮ ಅದಾನಿಲ್ಲ?” ಎಂದಳು. ಅಂಚು ದಪ್ಪವಾಗಿತ್ತು, ಎರಡು ಹೊತ್ತಿದ್ದವು. ಆಕೆಯನ್ನು ಅಪ್ಪಿಕೊಂಡೆ. ಆಕೆಗೆ ಇಷ್ಟವಾಗಲಿಲ್ಲ, “ಏ, ಎಣ್ಣಿ ಕೈ ಅದಾವ” ಎಂದು ನೂಕಿದಳು.

ಮಾವನವರ ಬೆರಳಿಗೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿ, ಇಬ್ಬರಿಗೂ ಒಂದೇ ಸಾಲಿನಲ್ಲಿ ತಾಟು ಹಚ್ಚಿದೆ. ಹೋಳಿಗೆಯ ಮೇಲೆ ತುಪ್ಪ ಬೀಳುತ್ತಲೂ ಮಾವನವರು ತಲೆಯೆತ್ತಿ, ಏನೋ ತಿಳಿಯಾದವರ ಹಾಗೆ, “ಎಲ್ಲಿ ಹೋಗಿದ್ದಿ ಬೇ ಸೊಸೀ? ಅಜ್ಜಾರು ಬಂದು ಎಷ್ಟೊತ್ತಾತು. ನಾನ ಹೋಗಿ ಕರ್ಕೊಂಡ್ ಬಂದೆ” ಎಂದರು.

“ಛಲೋ ಮಾಡಿದ್ರಿ ಮಾವಾರ” ಎಂದೆ. “ಮನ್ಯಾಗ ನೀವಿದ್ರಿ, ಆತು. ಇಲ್ಲಾಂದ್ರ ಯಾರ್ ಹೋಗ್ತಿದ್ರು?”

ಅವರು ಹೌದೆಂಬಂತೆ ತಲೆಯಾಡಿಸಿ ಉಂಡರು. ನಾನು ಸೊಸೆಯಾಗಿ ಎಷ್ಟೋ ತಿಂಗಳಿಗೆ ಅವರೊಡನೆ ಆಡಿದ ಮೊದಲ ಮಾತು ಅದು. ನಾಳೆಗೆ ಅವರಿಗೆ ನೆನಪಿರುವುದಿಲ್ಲ. ನಾಳೆ ಇನ್ನೊಮ್ಮೆ ಹೇಳಬೇಕು.

ಇಂಡಿಯಿಂದ ನಮ್ಮ ಮನೆಯವರು ಬಂದು ತಂದೆಯ ಪಕ್ಕ ಕೂತರು. ಬಿಸಿಲು ಇಳಿದ ಮೇಲೆ ಅಜ್ಜಾರು ಹೊರಟು ನಿಂತರು. ನಮಸ್ಕಾರ ಮಾಡಲು ಬಾಗಿದರೆ, “ಇವತ್ತ ಬ್ಯಾಡ ತಂಗಿ, ಇಬ್ಬರಿಗೂ ಸಾಕಾಗೈತಿ” ಎಂದು ನಕ್ಕು, ಮಾವನವರ ತಲೆಯ ಮೇಲೆ ಬಹಳ ಹೊತ್ತು ಕೈ ಇಟ್ಟು ಹೋದರು. ಧ್ಯಾನದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ದೀಪ ಹಚ್ಚಿದ ಮೇಲೆ ಮಾವನವರ ಅಂಗಿಗಳನ್ನೆಲ್ಲ ತೆಗೆದು ಮಂಚದ ಮೇಲೆ ಹರಡಿಕೊಂಡೆ. ಆರು ಅಂಗಿ. ಕಾಲರಿನ ಒಳಗಡೆ ಹೆಸರು, ಅದರ ಕೆಳಗೆ ನಮ್ಮ ಫೋನ್ ನಂಬರು ಹೊಲಿಯುವುದೆಂದು ಕೂತೆ. ಅವರು ಬದಿಯಲ್ಲೇ ಮಲಗಿದ್ದರು. ಒಂದೊಂದು ಅಕ್ಷರವನ್ನೂ ಬಾಯಲ್ಲಿ ಅಂದುಕೊಂಡು ಹೊಲಿದೆ. ಮೊದಲನೆಯ ಅಂಗಿಯಲ್ಲಿ ಹೆಸರೇ ಕಾಲರಿನ ಈ ತುದಿಯಿಂದ ಆ ತುದಿಗೆ ಹಬ್ಬಿ ನಂಬರಿಗೆ ಜಾಗ ಉಳಿಯಲಿಲ್ಲ. ಬಿಚ್ಚಲು ಮನಸ್ಸಾಗಲಿಲ್ಲ, ಹಾಗೇ ಮಡಚಿ ಇಟ್ಟೆ. ಎರಡನೆಯದಕ್ಕೆ ಅಕ್ಷರ ಸಣ್ಣದು ಮಾಡಬೇಕೆಂದುಕೊಂಡು ಸೂಜಿಗೆ ದಾರ ಪೋಣಿಸಿದೆ.